ಎಳ್ಳ ಅಮಾವಾಸ್ಯೆಯ ದಿನ ಸ್ಲ್ಯಾಬಿಗೆ ನೀರು

ಎದುರು ಮನೆಯವರು ಮೊನ್ನೆ ಸ್ಲ್ಯಾಬ್ ಹಾಕಿಸಿದ್ದಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ನೀರು ಕುಡಿದ ಸಿಮೆಂಟಿನ ವಾಸನೆ ನೇರ ಒಳಗೆ ಬರುತ್ತದೆ. ಯಾರೂ ಮೆಚ್ಚಿ ಮೂಸುವ ವಾಸನೆಯಲ್ಲ. ನನಗೆ ಮಾತ್ರ ಅದು ಮೂಗಿಗೆ ಬಡಿದೊಡನೆ ಎದೆ ಹಗುರಾಗುತ್ತದೆ. ಯಾಕೆಂದು ಹೇಳುತ್ತೇನೆ ಕೇಳಿ, ಮೊಮ್ಮಕ್ಕಳೇ. ಬಾಯಿಬಿಟ್ಟು ಹೇಳು ಎಂದರೆ ನನ್ನಿಂದಾಗದು. ನನ್ನ ತವರು ಕೊಳಕೂರಿನ ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ನೆಲ ನೋಡುತ್ತಿದ್ದವಳು ನಾನು. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ.

ಕರಜಗಿಯ ಈ ನಮ್ಮ ಮನೆ ಮೊದಲು ಮಣ್ಣಿನ ಮಾಳಿಗೆಯದು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅದರ ನಡುವಿನ ತೊಲೆ ಸೀಳಿತು, ಕೆಡವಿಸಬೇಕಾಯಿತು. ನಾನು ಅಂಗಳದ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿದೆ. ಆಗಲೇ ಆಳಂದದಿಂದ ಸುದ್ದಿ ಬಂತು: ನಿಮ್ಮವ್ವ, ನನ್ನ ಒಬ್ಬಳೇ ಮಗಳು, ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ತವರೆಂದರೆ ಆಗ ಆ ತಗಡು.

ನಿಮ್ಮ ಆಳಂದದ ಆಯಿ, ಅಂದರೆ ನಿಮ್ಮಪ್ಪನ ತಾಯಿ, ಒಮ್ಮೆ ಬಂದು ಶೆಡ್ಡಿನ ಒಳಗೆ ಕುಳಿತು ಸುತ್ತ ನೋಡಿದರು.

"ಬೀಗತೀ, ಹೆಣ್ಣಮಕ್ಕಳು ಒಬ್ಬರೇ ನಿಂತು ಮನಿ ಕಟ್ಟಸೂದಂದ್ರ ಸಣ್ಣ ಮಾತಲ್ರಿ. ಕುಬಸ ಮಾಡೂದ್ರಾಗ ಮ್ಯಾಲ ಛತ್ತ ಬಿದ್ರ ಕಳಸ್ತೇವಿ. ಇಲ್ಲಂದ್ರ ಬಾಣಂತನ ನಮ್ಮಲ್ಲೇ ಆಗ್ಲಿ ಬಿಡ್ರಿ."

ಸೀಮಂತದೊಳಗೆ ಚಾವಣಿ ಬೀಳಬೇಕು ಎಂಬ ಆ ಮಾತಿನಲ್ಲಿ ಕುಹಕವಿರಲಿಲ್ಲ. ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಹೆಚ್ಚು ಚುಚ್ಚಿತು. ತಂದೆಯಿಲ್ಲದ ಹುಡುಗಿ, ಆಕೆಗೆ ಎಣ್ಣೆ ಹಚ್ಚಿ ಎರೆಯುವ ಭಾಗ್ಯವೂ ನನ್ನ ಕೈ ತಪ್ಪಿದರೆ ನಾನು ತಾಯಿ ಅಂತ ಯಾಕೆ ಇರಬೇಕು?

ನಿಮ್ಮಪ್ಪನ ಕೆಲಸ ನಿಮಗೆ ಗೊತ್ತಿದೆ. ಸೇತುವೆ ಕಟ್ಟುವಲ್ಲಿ ಯಾವುದಾದ ಮೇಲೆ ಯಾವುದು, ಯಾವ ದಿನ ಯಾರು ಬರಬೇಕು ಎಂದು ಮುಂಚೆಯೇ ಗೊತ್ತು ಮಾಡುವುದು. ಅದಕ್ಕೂ ಪಗಾರ ಕೊಡುತ್ತಾರೆಂದು ಕೇಳಿ ನನಗೆ ಬೆರಗಾಗಿತ್ತು. ಬೇಳೆ ಬೇಯುವಷ್ಟರಲ್ಲಿ ಹಿಟ್ಟು ನಾದಿ, ಹಂಚು ಕಾಯುವಷ್ಟರಲ್ಲಿ ರೊಟ್ಟಿ ತಟ್ಟುವ ನಮ್ಮಂಥವರು ಯಾವ ಪಗಾರ ಕೇಳಿದ್ದೇವೆ? ಅದಿರಲಿ. ಅವರು ಒಂದು ದೊಡ್ಡ ಹಾಳೆ ತಂದು ಶೆಡ್ಡಿನ ತಗಡಿಗೆ ಅಂಟಿಸಿದರು. ಅದರ ಮೇಲೆ ಬಣ್ಣದ ಪಟ್ಟಿಗಳು: ಪಾಯಕ್ಕೊಂದು, ಗೋಡೆಗೊಂದು, ಸೆಂಟ್ರಿಂಗಿಗೊಂದು. ಕೊನೆಯ ಪಟ್ಟಿ ಕುಬಸಕ್ಕಿಂತ ಸ್ವಲ್ಪ ಈಚೆಗೆ ನಿಂತಿತ್ತು. ರೊಟ್ಟಿ ಬಡಿಯುತ್ತ ನಾನು ಅದನ್ನೇ ನೋಡುತ್ತಿದ್ದೆ.

ನಮ್ಮ ಕಡೆ ಅತ್ತೆ ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಬೇರೆಯವರು ಹೇಗೋ, ನಾನಂತೂ ಮದುವೆಯಾದಾಗಿನಿಂದ ನಿಮ್ಮಪ್ಪನ ಜೊತೆ ಒಂದು ಮಾತೂ ಆಡಿರಲಿಲ್ಲ. ಹೇಳುವುದೇನಿದ್ದರೂ ಗೋಡೆ ಕಟ್ಟುವ ಗೌಂಡಿ ಈರಣ್ಣನ ಮೂಲಕ. ಮೂವರೂ ಕೈಯಳತೆಯಲ್ಲೇ ನಿಂತಿರುತ್ತಿದ್ದೆವು ಎನ್ನಿ.

ಗೋಡೆ ಏರಿದ ಮೇಲೆ ಸ್ಲ್ಯಾಬಿನ ಮಾತು ಬಂತು. ಕಾಂಕ್ರೀಟು ಕಲೆಸುವ ಯಂತ್ರ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಸಿಗುತ್ತದೆ; ಅದು ತಪ್ಪಿದರೆ ಸಂಕ್ರಾಂತಿ ದಾಟಿ, ಕುಬಸವೂ ದಾಟಿ. ನಿಮ್ಮಪ್ಪ ಅದೇ ದಿನಕ್ಕೆ ಗುರುತು ಹಾಕಿದರು. ಮಾರನೆಯ ದಿನ ಎಲ್ಲರೂ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಕೊಟ್ಟು ಅಲ್ಲೇ ಉಣ್ಣಲು, ಹೊಲಕ್ಕೆ ಹೋಗುತ್ತಾರೆಂದು ಅವರಿಗೂ ಗೊತ್ತು. ಹಾಳೆಯಲ್ಲಿ ಆ ದಿನದ ಚೌಕದೊಳಗೆ "ರಜೆ" ಎಂದು ಕೆಂಪಗೆ ಬರೆದರು.

ನಾನು ಒಲೆಯ ಕಡೆ ಮುಖಮಾಡಿ ಅಂದೆ, "ಈರಣ್ಣಾ, ಕೇಳಪ್ಪ ಅವರಿಗೆ. ಅವತ್ತ ಸ್ಲ್ಯಾಬಿಗೂ ರಜಾ ಅದ ಏನು? ಅದಕ್ಕ ನೀರು ಯಾರು ಹಾಕ್ತಾರ?"

"ಅತ್ತಿಯವರು ಕೇಳಾಕತ್ತಾರ್ರೀ, ನೀರು ಯಾರು ಹಾಕ್ತಾರಂತ," ಎಂದ ಈರಣ್ಣ, ದೂರದ ಊರಿನಿಂದ ಸುದ್ದಿ ತಂದವನಂತೆ.

ನಿಮ್ಮಪ್ಪ ಹಾಳೆಯನ್ನೇ ನೋಡಿದರು. "ಲೇ ಈರಣ್ಣ, ನಿನಗರ ನೆನಪಾಗಬಾರದೇನು?"

"ನನಗೆಲ್ಲಿಂದ ನೆನಪಾಗ್ತದ್ರೀ ಸಾಹೇಬ್ರ? ನೀವು ರಜಾ ಅಂದಕೂಡ್ಲೇ ನನ್ನ ಜೀವ ಹೊಲದಾಗಿನ ಭಜ್ಜಿಪಲ್ಯದ ಕಡೆ ಹೋಗಿತ್ತು!"

ನಕ್ಕರೂ ಉಪಾಯ ಯಾರಿಗೂ ಹೊಳೆಯಲಿಲ್ಲ. ಹಸಿ ಸ್ಲ್ಯಾಬು ಆ ಒಣಗಾಳಿಯಲ್ಲಿ ಒಂದು ದಿನ ಬತ್ತಿದರೂ ಬಿರುಕು. ಊರಿನಲ್ಲಿ ಆ ದಿನ ಕೂಲಿಗೆ ನಾಯಿಯೂ ಸಿಗದು. ಕೊನೆಗೆ ಒಲೆಗೇ ಹೇಳಿದೆ, "ನಾ ಹಾಕ್ತೇನಿ ಅಂತ ಹೇಳಪ್ಪ."

ಹೇಳಿಬಿಟ್ಟೆ. ಆಮೇಲೆ ಅಂಜಿಕೆ ಶುರುವಾಯಿತು. ನೀರಿಗಲ್ಲ, ಏಣಿಗೂ ಅಲ್ಲ. ಗಂಡನಿಲ್ಲದ ಹೆಂಗಸು ಕಚ್ಚೆ ಬಿಗಿದು ನಡು ಊರಿನಲ್ಲಿ ಮಾಳಿಗೆ ಹತ್ತಿ ನಿಂತರೆ ಎಷ್ಟು ಕಣ್ಣು!

ಅಮಾವಾಸ್ಯೆಯ ಬೆಳಿಗ್ಗೆ ಮೈದುನನ ಮನೆಯವರ ಬುಟ್ಟಿಗೆ ನನ್ನ ಪಾಲಿನ ಸಜ್ಜೆಯ ಕಡಬು ಇಟ್ಟು ಬಂಡಿ ಹತ್ತಿಸಿ ಕಳಿಸಿದೆ. ಕೊಡ ಹೊತ್ತು ಏಣಿ ಹತ್ತಿ, ತಲೆ ತಗ್ಗಿಸಿಯೇ ಮೇಲೆ ನಿಂತೆ. ಬಹಳ ಹೊತ್ತಿನ ಮೇಲೆ ಧೈರ್ಯ ಮಾಡಿ ಕಣ್ಣೆತ್ತಿದೆ. ಓಣಿಯಲ್ಲಿ ಯಾರೂ ಇಲ್ಲ. ಎಲ್ಲ ಬಾಗಿಲಿಗೂ ಕೊಂಡಿ. ಇಡೀ ಊರು ಜೋಳದ ಹೊಲದಲ್ಲಿ ಕೂತು ಉಣ್ಣುತ್ತಿದೆ! ವರ್ಷದಲ್ಲಿ ನಾನು ಮಾಳಿಗೆ ಹತ್ತಬಹುದಾದ ದಿನವೊಂದಿದ್ದರೆ ಅದು ಇವತ್ತೇ ಎಂದು ಹೊಳೆದು ಒಬ್ಬಳೇ ನಕ್ಕೆ. ಸೆರಗು ಸಿಕ್ಕಿಸಿ, ಮಣ್ಣಿನಿಂದ ಸಣ್ಣ ಸಣ್ಣ ಮಡಿ ಕಟ್ಟಿ, ಮೆಣಸಿನ ಸಸಿಗೆ ಹಾಯಿಸುವಂತೆ ನೀರು ತುಂಬತೊಡಗಿದೆ; ಇದೇ ವಾಸನೆ ಎದ್ದಿತು.

ಮಧ್ಯಾಹ್ನಕ್ಕೆ ರಟ್ಟೆ ಸೋತವು. ಇನ್ನೂ ಅರ್ಧ ಸ್ಲ್ಯಾಬು ಒಣಗಿ ಬೆಳ್ಳಗಾಗುತ್ತಿತ್ತು. ಆಗ ಕೆಳಗೆ ಗಾಡಿ ನಿಂತ ಸದ್ದು. ಆಳಂದದಿಂದ, ಹಬ್ಬದ ಊಟ ಬಿಟ್ಟು, ನಿಮ್ಮಪ್ಪ. ಕೊಡ ತುಂಬಿ ಏಣಿಯ ಮೇಲಿಂದ ಎತ್ತಿ ಹಿಡಿದರು. ನಡುವೆ ಈರಣ್ಣನಿಲ್ಲ. ಒಂದೆರಡು ಕೊಡ ಕೈ ದಾಟಿದವು.

"ಸಾಕೇನ್ರೀ ಅತ್ತಿ?"

ಸುತ್ತ ನೋಡಿದೆ. ಯಾರಿಗೆ ಹೇಳಿ ಹೇಳಿಸಲಿ? "ಇಲ್ರೀ, ಆ ಮೂಲಿ ಒಣಗ್ಯಾದ. ಇನ್ನೊಂದ ಕೊಡ್ರಿ," ಅಂದೆ. ದನಿ ನನ್ನದೇ ಹೌದೋ ಅಲ್ಲವೋ ಅನ್ನಿಸಿತು.

ಕೊನೆಯ ಮಡಿ ತುಂಬಿದಾಗ ಅವರು ಹೇಳಿದರು, "ಅವ್ವಗ ಹೇಳೇ ಬಂದೇನ್ರಿ. ಛತ್ತ ಆಗ್ಯಾದ, ಕುಬಸ ಮುಗದಕೂಡ್ಲೇ ಕರಜಗಿಗೆ ಕಳಸೂದೇ ಅಂತ."

ನಾನು ನೀರಿಗೆ ಬಾಗಿ ಮುಖ ತೊಳೆದುಕೊಂಡೆ. ತೊಳೆಯುವ ಕಾರಣವೇನೂ ಇರಲಿಲ್ಲ.

ನಿಮ್ಮವ್ವ ಬಂದಳು. ನಿಮ್ಮಲ್ಲಿ ದೊಡ್ಡವಳು ಅಫಜಲಪುರದ ದವಾಖಾನೆಯಲ್ಲಿ ಹುಟ್ಟಿ ನೇರ ಈ ಕೋಣೆಗೇ ಬಂದಳು. ಗೋಡೆಗೆ ಗಿಲಾವು ಆಗಿರಲಿಲ್ಲ, ಇಟ್ಟಿಗೆ ಹಾಗೇ ಕಾಣುತ್ತಿದ್ದವು. ನಾನು ಕಾಲು ಚಾಚಿ ಕೂತು, ಕೂಸನ್ನು ಹಾಕಿಕೊಂಡು, ಬಿಸಿನೀರು ಎರೆದೆ.

ಇಷ್ಟು ಬರೆದವಳು ಈಗಷ್ಟೇ ಪೆನ್ನು ಕೆಳಗಿಟ್ಟು ನಿಮ್ಮಪ್ಪನಿಗೆ ಫೋನು ಹಚ್ಚಿದ್ದೆ. ಅವರೇ ಹಚ್ಚುವುದು ವಾಡಿಕೆ. ನಾನಾಗಿ ಎಂದೂ ಹಚ್ಚಿದ್ದಿಲ್ಲ. ಅವರಿಗೆ ಗಾಬರಿ. "ಏನಾತ್ರೀ ಅತ್ತಿ? ಆರಾಮ ಅದೀರಿಲ್ಲೋ?"

"ಆರಾಮ ಅದೇನ್ರಿ," ಅಂದೆ. "ಸುಮ್ಮನ ಮಾತಾಡ್ಬೇಕನಿಸ್ತು, ಹಚ್ಚಿದೆ."

ಆ ಕಡೆ ಯಂತ್ರದ ಗದ್ದಲವಿತ್ತು. ಅವರು ಅಲ್ಲಿಂದ ದೂರ ನಡೆದು ಹೋದದ್ದು ಕೇಳಿಸಿತು. ಗದ್ದಲ ಸಣ್ಣದಾಯಿತು. "ಈಗ ಹೇಳ್ರಿ," ಅಂದರು. ನಾನು ಹೇಳುತ್ತ ಹೋದೆ.