ಇಸ್ಮಾಯಿಲಸಾಬ ಕಾದ ಕಳ್ಳಿ

ಉಗರಗೋಳದ ಇಸ್ಮಾಯಿಲಸಾಬನಿಗೆ ಟೆಂಪೋ ಓಡಿಸುವುದು ಹೊಟ್ಟೆಪಾಡು, ಸುದ್ದಿ ಹೇಳುವುದು ಚಟ. ಸವದತ್ತಿಯಲ್ಲಿ ಹತ್ತಿದ ಬಡಕಲು ಸುದ್ದಿ ಅವನ ಗಾಡಿಯಿಂದ ಮೈಕೈ ತುಂಬಿಕೊಂಡು ಇಳಿಯುತ್ತಿತ್ತು. ಊರ ಹಿಂದಿನ ಕಲ್ಲುಗುಡ್ಡದ ಕಳ್ಳಿಯ ವಿಷಯದಲ್ಲಿ ಮಾತ್ರ ಪಾಪ, ಅವನು ನಿಜವಾಗಿ ಮರುಗುತ್ತಿದ್ದ.

ಬೆರಳುದ್ದದ, ಎಲೆಯಿಲ್ಲದ, ಹಾಲೂ ಇಲ್ಲದ ಕಳ್ಳಿ ಅದು. ಚಿಕ್ಕಂದಿನಲ್ಲಿ ಆಡು ಕಾಯುವಾಗ ನೀರಡಿಕೆಯಾದರೆ ಅದನ್ನೇ ಮುರಿದು ಜಗಿಯುತ್ತಿದ್ದ. ಅರ್ಧ ಗುಡ್ಡ ಆಗಲೇ ಜಲ್ಲಿ ಒಡೆಯುವ ಖಡಿ ಮಷೀನಿನ ಬಾಯಿಗೆ ಹೋಗಿತ್ತು. ಉಳಿದರ್ಧಕ್ಕೆ ಕಾರಿನವರು ಗಂಟುಬಿದ್ದರು. ಚೀಲಗಟ್ಟಲೆ ಕಿತ್ತು, ಕುಂಡದಲ್ಲಿಟ್ಟು, ಮೊಬೈಲಿನಲ್ಲೇ ದೂರದ ಶ್ರೀಮಂತರಿಗೆ ಮಾರುವವರು.

"ಹಂಗ ಕೀಳಬ್ಯಾಡ್ರಿ, ಬೀಜಕ್ಕೂ ಉಳ್ಯಂಗಿಲ್ಲ" ಎಂದು ಇಸ್ಮಾಯಿಲಸಾಬ ಹೇಳಿದರೆ, "ನಿಮ್ಮಪ್ಪ ನೆಟ್ಟಿದ್ನಾ ಕಾಕಾ?" ಎಂದು ನಕ್ಕರು.

ಮರುದಿನವೇ ಟೆಂಪೋದಲ್ಲಿ ಒಂದು ಸುಳ್ಳು ಹತ್ತಿಸಿದ. "ಅದು ಅಂತಿಂಥಾ ಕಳ್ಳಿ ಅಲ್ಲ ಯವ್ವಾ. ಕೆಟ್ಟ ಕಣ್ಣಿನಾವ್ರು ಮುಟ್ಟಿದ್ರ ಅವ್ರ ದೃಷ್ಟಿ ಅವ್ರಿಗೇ ತಿರುಗಿ ಬಡೀತೈತಿ. ಮೊನ್ನಿ ಕಿತ್ತಾವ್ರ ಕಾರು ಮನೋಳಿ ಹತ್ರ ಪಲ್ಟಿ!"

"ಖರೇನ ಏನ್ ಸಾಬಣ್ಣಾ?" ಹಿಂದಿನ ಸೀಟಿನ ಕೃಷ್ಣವ್ವ ಕೇಳಿದಳು.

"ಕಣ್ಣಾರೆ ನೋಡೇನಿ, ಯವ್ವಾ."

ನೋಡಿದ್ದನಂತೆ! ಪಂಕ್ಚರ್ ಕೂಡ ಆಗಿರಲಿಲ್ಲ. ಆದರೂ ಮುಂದಿನ ಸಲ ಕಾರು ಬಂದಾಗ ಹೆಂಗಸರೇ ಕಸಬರಿಗೆ ಹಿಡಿದು ಅಟ್ಟಿದರು. ಇಸ್ಮಾಯಿಲಸಾಬ ಮೀಸೆ ತಿರುವಿದ.

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ. ದೃಷ್ಟಿಯನ್ನೇ ತಿರುಗಿಸಿ ಬಡಿಯುವ ಗಿಡ ಗುಡ್ಡದಲ್ಲೇಕೆ, ನಮ್ಮ ಬಾಗಿಲಿಗಿರಲಿ ಎಂದರು ಜನ. ನಮ್ಮ ಕಡೆ ಲೋಳಸರವನ್ನು ಬಾಗಿಲಿಗೆ ತಲೆಕೆಳಗಾಗಿ ಕಟ್ಟುತ್ತಾರಲ್ಲ, ಆ ಜಾಗಕ್ಕೆ ಕಳ್ಳಿ ಬಂತು. ಕೃಷ್ಣವ್ವ ಮನೆಗೊಂದು, ಕೊಟ್ಟಿಗೆಗೊಂದು, ಮುರಗೋಡದ ಮಗಳಿಗೊಂದು ಎಂದು ಬುಡಸಮೇತ ಕಿತ್ತಳು. "ಅದು ಸುಳ್ಳು ಯವ್ವಾ, ನಾನಽ ಕಟ್ಟಿದ ಕತಿ!" ಎಂದು ಅವನು ಬಾಯಿ ಬಡಿದುಕೊಂಡ. "ಎಲ್ಲಾ ತನಗಽ ಇರಲಿ ಅಂತ ಹಂಗಂತಾನ" ಎಂದಳು ಕೃಷ್ಣವ್ವ. ಟೆಂಪೋದಲ್ಲಿ ಅವನಾಡಿದ ಒಂದೇ ಖರೆ ಮಾತನ್ನು ಒಬ್ಬರೂ ನಂಬಲಿಲ್ಲ.

ಕೊನೆಗೆ ಬಂಡೆಯ ಸಂದಿಯಲ್ಲಿ ಒಂದೇ ಒಂದು ಗಿಡ ಉಳಿಯಿತು. ಅದರ ಮೇಲೆ ಮುಳ್ಳು ಮುಚ್ಚಿ ಬಂದ. ಆ ಸುದ್ದಿಯನ್ನು ಹೆಂಡತಿ ಬೇಗಂಬಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಅಷ್ಟಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತಿತ್ತು.

ಶುಕ್ರವಾರ ನಮಾಜು ಮುಗಿಸಿ ಬಂದು ನೋಡಿದರೆ, ಬೇಗಂಬಿ ಸ್ಟೂಲ್ ಹತ್ತಿ ಅದನ್ನೇ ಬಾಗಿಲಿಗೆ ಕಟ್ಟುತ್ತಿದ್ದಾಳೆ!

"ಏನ್ ಮಾಡಿದಿ ಇದು? ಸುಳ್ಳು ಅಂತ ಹೇಳಿದ್ನಲ್ಲಾ!"

"ಸುಳ್ಳಾಗಿದ್ರ ಮುಳ್ಳು ಮುಚ್ಚಿ ಯಾಕ ಇಟ್ಟಿದ್ರಿ? ದಿನಾ ಗಾಡಿ ಹೊಡ್ಯಾವ್ರು ನೀವು. ನಿಮ್ಮ ಜೀವಕ್ಕಿಂತ ಇದು ದೊಡ್ಡದೇನ್ರಿ? ಸ್ಟೂಲ್ ಹಿಡೀರಿ, ಅಳ್ಳಾಡಾಕತ್ತೈತಿ."

ಇಸ್ಮಾಯಿಲಸಾಬ ಬಗ್ಗಿ ಸ್ಟೂಲ್ ಹಿಡಿದುಕೊಂಡ.