ಬಹ್ರೈನಿನ ಮನೆಗೆ ಬಂದ ದೊರೆ

ಇವತ್ತು ಮನಾಮಾದ ನಮ್ಮ ಆಫೀಸಿನಲ್ಲಿ ಬ್ರಿಟಿಷ್ ಸಹೋದ್ಯೋಗಿಯೊಬ್ಬರು ತಮ್ಮ ಚಹಾದ ಕಪ್ಪು ತೊಳೆಯುತ್ತಿದ್ದರು. ಆ ಲಿಂಬೆ ಸೋಪಿನ ಪರಿಮಳ ಮೂಗಿಗೆ ಬಡಿದದ್ದೇ ತಡ, ನನಗೆ ಅಜ್ಜಿ ನೆನಪಾದರು!

ನಾನು ಚಿಕ್ಕವಳಿದ್ದಾಗ ನಾವು ಇದೇ ಊರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ಮಂಗಳೂರಿಂದ ಅಜ್ಜಿ ಬಂದಿದ್ದರು. ಬ್ರಿಟಿಷರಿಗೆ ಅವರ ಬಾಯಲ್ಲಿ ಒಂದೇ ಹೆಸರು, ದೊರೆ. ಚಿಕ್ಕವರಿದ್ದಾಗ ಕಾಫಿ ತೋಟದ ದೊರೆಯ ಬಂಗಲೆಯಲ್ಲಿ ಪಾತ್ರೆ ತೊಳೆದವರು ಅವರು. ಅಂಥದ್ದರಲ್ಲಿ ಅಪ್ಪನ ಬ್ರಿಟಿಷ್ ಮ್ಯಾನೇಜರ್ ನಮ್ಮಲ್ಲಿಗೆ ಊಟಕ್ಕೆ ಬರುತ್ತಾರಂತೆ!

"ದೊರೆ ಎದುರು ಕೂತುಕೊಳ್ಳಬಾರದು ಮಕ್ಕಳೇ," ಎಂದು ಅಜ್ಜಿ ನನ್ನನ್ನೂ ತಂಗಿಯನ್ನೂ ಸಾಲಾಗಿ ನಿಲ್ಲಿಸಿದರು. ನಮಗೋ ಖುಷಿಯೋ ಖುಷಿ, ದೊರೆ ಕುದುರೆ ಮೇಲೆ ಬರುತ್ತಾರೇನೋ ಎಂದು! ಅವರು ಲಿಫ್ಟಿನಲ್ಲಿ ಬಂದರು. ಕೈಯಲ್ಲೇ ನೀರುದೋಸೆ, ಕೋಳಿಸಾರು ತಿಂದರು. ಆಮೇಲೆ ತಟ್ಟೆ ಹಿಡಿದು ಸೀದಾ ಅಡುಗೆಮನೆಗೆ ಹೋಗಿ ಲಿಂಬೆ ಸೋಪು ಹಚ್ಚಿ ತೊಳೆಯತೊಡಗಿದರು.

"ಅಯ್ಯಯ್ಯೋ ದೊರೆ, ಬೇಡ ಬೇಡ!" ಎಂದು ಅಜ್ಜಿ ಹಿಂದೆಯೇ ಓಡಿದರು. ಅವರು ನಕ್ಕು ತಟ್ಟೆ ತೊಳೆದಿಟ್ಟೇ ಹೊರಟರು.

ಅಜ್ಜಿ ಅವರು ಕೂತಿದ್ದ ಕುರ್ಚಿಯಲ್ಲೇ ಕಾಲು ಚಾಚಿ ಕೂತು ಅಮ್ಮನಿಗೆ ಹೇಳಿದರು, "ಇವ ಎಂಥ ದೊರೆ ಮಾರಾಯ್ತಿ? ಉಂಡ ತಟ್ಟೆ ಬೇರೆಯವರು ತೊಳೆಯಲಿ ಅಂತ ಬಿಟ್ಟು ಏಳುವವ ದೊರೆ. ಬಿಳಿ ಇದ್ದರೆ ಸಾಕಾ?"

ಇದನ್ನೆಲ್ಲ ನೆನೆದು ನಗುತ್ತಾ ನನ್ನ ಸೀಟಿಗೆ ಬಂದರೆ, ಚಹಾ ಕೊಡುವ ಚಾಚಾ ನನ್ನ ಎಂಜಲು ಕಪ್ಪು ತೊಳೆಯಲು ಎತ್ತಿಕೊಳ್ಳುತ್ತಿದ್ದರು, ದಿನಾ ಎತ್ತಿಕೊಳ್ಳುವ ಹಾಗೆ.

"ಚಾಚಾ, ರುಕಿಯೇ!" ಎಂದು ತಡೆದೆ.

ಅಜ್ಜಿ ಹೇಳಿದ ದೊರೆ ಕಪ್ಪು ಕಸಿದುಕೊಂಡು ನಲ್ಲಿಯತ್ತ ಓಡಿದಳು.