ದ್ರಾಕ್ಷಾಯಿಣಿಯ ಬಾಟಲಿ, ನನ್ನ ಅಕ್ಷರ

ಕಳೆದ ತಿಂಗಳವರೆಗೆ ದ್ರಾಕ್ಷಾಯಿಣಿಯನ್ನು ಹೊಗಳುವವರು ನಮ್ಮ ಇನ್ನಂಜೆಯಲ್ಲಿ ಬೇಕಾದಷ್ಟು ಜನ ಇದ್ದರು. ಕಾಪುವಿನ ಸಭೆಯಲ್ಲಿ ಅವಳಿಗೆ ಶಾಲು ಹೊದಿಸಿದರು, ಪೇಪರಿನಲ್ಲಿ ಫೋಟೊ ಬಂತು. ಈಗ ಅವರೆಲ್ಲ ಬಾಯಿ ಮುಚ್ಚಿ ಕೂತಿದ್ದಾರೆ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು, ಅದನ್ನು ಮುಚ್ಚಿಡುವುದಿಲ್ಲ. ಹೊಟ್ಟೆಕಿಚ್ಚು ಇದ್ದವರು ನೋಡಿದಷ್ಟು ಚೆನ್ನಾಗಿ ಒಬ್ಬರನ್ನು ಬೇರೆ ಯಾರೂ ನೋಡುವುದಿಲ್ಲ. ಅವಳ ಎಡಗಿವಿಯ ಓಲೆಯಲ್ಲಿ ಒಂದು ಕಲ್ಲು ಬಿದ್ದುಹೋಗಿರುವುದು ಕೂಡ ನನಗೆ ಗೊತ್ತು.

ನನ್ನ ಹೆಸರು ಬೇಬಿ, ವಯಸ್ಸು ಐವತ್ತಮೂರು. ನಮ್ಮ ಮನೆಯ ಬಾವಿಗೆ ಊರಿನಲ್ಲೇ ಹೆಸರಿತ್ತು. ನಮ್ಮ ಕಡೆಯ ತೂತು ತೂತಿನ ಕೆಂಪು ಮುರಕಲ್ಲು ಕಡಿದು ತೋಡಿದ್ದು, ಹದಿನೆಂಟು ಅಡಿಗೇ ನೀರು. ನೀರು ಸಿಹಿಯಾಗಲಿ ಎಂದು ನನ್ನ ಅತ್ತೆ ಅದರ ತಳಕ್ಕೆ ನೆಲ್ಲಿಮರದ ಹಲಗೆ ಹಾಕಿಸಿದ್ದರು. ಮದುವೆ ಮನೆಯವರು ಪಾಯಸಕ್ಕೆಂದು ನಮ್ಮಲ್ಲಿಂದಲೇ ಕೊಡ ತುಂಬಿಸಿಕೊಂಡು ಹೋಗುತ್ತಿದ್ದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಕ್ರಮ. ನಮ್ಮ ಮನೆಯಲ್ಲಿ ಬೆಲ್ಲವನ್ನು ಹಾಗೇ ಬಿಟ್ಟು ನೀರನ್ನು ಇನ್ನೊಂದು ಲೋಟ ಕೇಳಿದವರನ್ನು ನಾನು ಕಂಡಿದ್ದೇನೆ.

ದ್ರಾಕ್ಷಾಯಿಣಿ ಕೊಪ್ಪಳದ ಕಡೆಯವಳು. ಗಂಡ ಕರಿಬಸವ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಗದ್ದೆಯ ಆಚೆ ಒಂದು ಸಾಲು ಬಾಡಿಗೆ ಮನೆಗಳುಂಟು, ಹನ್ನೊಂದು ಸಂಸಾರ, ಎಲ್ಲರಿಗೂ ಒಂದೇ ಬಾವಿ. ಅದರ ಕೊನೆಯ ಮನೆ ಅವಳದು. ಕಳೆದ ವರ್ಷ ಪಂಚಾಯತಿನಲ್ಲಿ ನೀರು ಪರೀಕ್ಷೆ ಮಾಡಲು ಹೆಂಗಸರಿಗೆ ತರಬೇತಿ ಎಂದಾಗ ನಾನು ಹೊಸ ಸೀರೆ ಉಟ್ಟು ಹೋದೆ. ಅವಳು ಕಂಕುಳಲ್ಲಿ ಕೂಸು ಅಶ್ವಿನಿಯನ್ನು ಎತ್ತಿಕೊಂಡು ಬಂದಳು.

ತರಬೇತಿಯವರು ಫ್ಲೋರೈಡ್ ಬಗ್ಗೆ ಹೇಳುತ್ತಿದ್ದಾಗ ಅವಳು ಎದ್ದು ನಿಂತು ಬಾಯಿ ತೆರೆದು ಹಲ್ಲು ತೋರಿಸಿದಳು. ಹಲ್ಲಿನ ತುಂಬ ಕಂದು ಗೆರೆ.

"ನಮ್ಮೂರ ಬೋರಿನ ನೀರು ಕುಡ್ದು ಹಿಂಗಾಗ್ಯಾವ್ರಿ. ನಮ್ಮಪ್ಪಗ ಮೊಣಕಾಲು ಮಡಚಾಕ ಬರಂಗಿಲ್ಲ. ನೀರು ತಣ್ಣಗ, ತಿಳಿ ಇತ್ತು. ಕೆಟ್ಟೈತಿ ಅಂತ ನಮಗ ಒಬ್ಬರೂ ಹೇಳಲಿಲ್ಲ."

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಆದರೆ ಒಳಗೆ ಉರಿದುಹೋದೆ. ನೀರಿಲ್ಲದ ಊರಿನವಳು ನೀರಿನ ಊರಿನವರಿಗೆ ಪಾಠ ಹೇಳುವುದಾ? ಹಲ್ಲು ನೆಟ್ಟಗಿದ್ದದ್ದೇ ನನ್ನ ತಪ್ಪು ಎನ್ನುವ ಹಾಗಾಯಿತು. ಪರೀಕ್ಷೆಯ ಕಿಟ್ ಅವಳ ಕೈಗೆ ಹೋಯಿತು. ನನ್ನ ಅಕ್ಷರ ದುಂಡಗೆ ಉಂಟೆಂದು ಬಾಟಲಿಗಳಿಗೆ ಚೀಟಿ ಬರೆದು ಅಂಟಿಸುವ ಕೆಲಸ ನನಗೆ ಬಂತು.

ಕೆಲಸದಲ್ಲಿ ಅವಳದು ಎಂತ ಹೇಳುವುದು, ಒಂದು ತಪ್ಪು ಸಿಗಲಿ ಎಂದು ನಾನು ಕಾದದ್ದೇ ಬಂತು. ಬಾವಿಕಟ್ಟೆಯ ಹತ್ತಿರ ಚಪ್ಪಲಿ ಬಿಡುವಳು. ಮೊದಲು ಶೌಚಾಲಯದ ಗುಂಡಿ ಎಲ್ಲಿ ಎಂದು ಕೇಳಿ, ಅಲ್ಲಿಂದ ಬಾವಿಗೆ ಹೆಜ್ಜೆ ಹಾಕಿ ಅಳೆಯುವಳು. ಬಾಟಲಿ ತುಂಬಿ ಉಳಿದ ನೀರನ್ನು ಚೆಲ್ಲದೆ ಯಾವುದಾದರೂ ಗಿಡದ ಬುಡಕ್ಕೆ ಹಾಕುವಳು. ಜಡಿಮಳೆಯಲ್ಲೂ ಹಾಗೇ! ನಾವೆಲ್ಲ ನಕ್ಕೆವು, ಅವಳೂ ನಮ್ಮೊಂದಿಗೆ ನಕ್ಕಳು. ಕಾರ್ಕಳದಲ್ಲಿ, ಕಲ್ಯಾಣಪುರದಲ್ಲಿ ಹೆಂಗಸರಿಗೆ ಪರೀಕ್ಷೆ ತೋರಿಸಿಕೊಡಲು ಅವಳನ್ನೇ ಕರೆದರು. ಕಡಲ ಬದಿಯ ಬಾವಿಗೆ ಬೇಸಗೆಯಲ್ಲಿ ಉಪ್ಪು ಹತ್ತುತ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ಹೊಲಸು ಇಳಿಯುತ್ತದೆ, ಅವಳ ಊರಿನಲ್ಲಿ ಕಲ್ಲಿನೊಳಗಿನ ವಿಷ. ಒಂದೊಂದು ಊರಿನ ನೀರಿಗೆ ಒಂದೊಂದು ಕಾಯಿಲೆ ಎನ್ನುತ್ತಿದ್ದಳಂತೆ. ನನ್ನನ್ನು ಕೇಳಿದ್ದರೆ ಇಷ್ಟನ್ನು ನಾನೂ ಹೇಳುತ್ತಿದ್ದೆ. ನನ್ನನ್ನು ಕರೆಯಲಿಲ್ಲ.

ಈ ಮಳೆಗಾಲದಲ್ಲಿ ಅವಳು ನಮ್ಮ ಬಾವಿಗೂ ಬಂದಳು. ಎರಡು ವರ್ಷದ ಹಿಂದೆ ಕಟ್ಟಿಸಿದ ನಮ್ಮ ಹೊಸ ಶೌಚಾಲಯದ ಗುಂಡಿಯಿಂದ ಹೆಜ್ಜೆ ಹಾಕಿದಳು. ಹದಿನಾಲ್ಕಕ್ಕೆ ಬಾವಿ ಬಂತು.

"ಮುರಕಲ್ಲು ಸೋರತೈತ್ರಿ ಬೇಬಿಯಕ್ಕ," ಎಂದು ತುಟಿ ಕಚ್ಚಿದಳು.

ನಮ್ಮ ಕಲ್ಲಿನ ಸುದ್ದಿ ನನಗೆ ಇವಳು ಹೇಳಬೇಕಾ! ನಾನು ಮುಖ ತಿರುಗಿಸಿಕೊಂಡು ಚೀಟಿ ಬರೆದೆ.

ಆ ಪರೀಕ್ಷೆ ಸುಲಭ. ಮದ್ದು ಇರುವ ಸಣ್ಣ ಬಾಟಲಿಗೆ ನೀರು ತುಂಬಿ ಎರಡು ದಿನ ಇಡುವುದು. ನೀರಿನಲ್ಲಿ ಹೊಲಸಿನ ಕ್ರಿಮಿ ಇದ್ದರೆ ಕಪ್ಪಾಗುತ್ತದೆ. ಆ ಸಲ ಎರಡೇ ಬಾಟಲಿ, ನಮ್ಮ ಬಾವಿಯದ್ದು ಮತ್ತು ಬಾಡಿಗೆ ಮನೆಗಳ ಬಾವಿಯದ್ದು. ಎರಡನೆಯ ದಿನ ಅವಳು ಕಾರ್ಕಳಕ್ಕೆ ಹೋಗಿದ್ದಳು. ನಾನೊಬ್ಬಳೇ ಪಂಚಾಯತಿನ ಕಪಾಟು ತೆರೆದೆ. ನನ್ನ ದುಂಡಗಿನ ಅಕ್ಷರದಲ್ಲಿ 'ಬೇಬಿ' ಎಂದು ಬರೆದ ಬಾಟಲಿ ಕಾಡಿಗೆಯ ಹಾಗೆ ಕಪ್ಪಾಗಿತ್ತು. ಅವಳ ಬಾವಿಯದ್ದು ತಿಳಿಯಾಗಿತ್ತು.

ಅವಳ ಬಾವಿಯೂ ನನ್ನದಕ್ಕಿಂತ ಒಳ್ಳೆಯದು! ಅದೊಂದನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಚೀಟಿಗಳನ್ನು ಕಿತ್ತೆ, ಹೊಸತು ಬರೆದೆ, ಅದಲು ಬದಲು ಅಂಟಿಸಿದೆ.

ಮಾರನೇ ದಿನ ಅವಳು ಬಂದು ಬಾಟಲಿಗಳನ್ನು ತುಂಬ ಹೊತ್ತು ನೋಡಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ತನ್ನ ಕಣ್ಣಿಗಿಂತ ಬಾಟಲಿಯನ್ನೇ ನಂಬುವವಳು ಅವಳು. ತಾನೇ ಹೋಗಿ, ಈ ನೀರು ಕುಡಿಯಬಾರದು ಎಂಬ ಗುರುತಿಗೆ ತಮ್ಮ ಬಾವಿಯ ರಾಟೆಗೆ ಕೆಂಪು ಬಟ್ಟೆ ಕಟ್ಟಿದಳು. ನನಗೆ ಅವತ್ತು ಊಟ ರುಚಿಸಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಪಂಚಾಯತಿನಿಂದ ಫೋನು ಬಂತು. ಆ ಬಾವಿ ಸರಿಯಾಗುವವರೆಗೆ ಹನ್ನೊಂದು ಮನೆಯವರೂ ನಮ್ಮ ಬಾವಿಯಿಂದ ನೀರು ಸೇದಲಿ, ಅಲ್ವಾ ಬೇಬಿಯಕ್ಕ, ಎಂದರು. ಆಗಲಿ ಎಂದೆ. ಬೇರೆ ಎಂತ ಹೇಳುವುದು? ಒಲೆಯ ಮೇಲೆ ಆಗ ನೀರು ಕುದಿಯುತ್ತಿತ್ತು. ಬಾಟಲಿ ಕಪ್ಪಾದದ್ದನ್ನು ಕಂಡ ದಿನದಿಂದ ನಾನು ಜೀರಿಗೆ ಹಾಕಿ ಕುದಿಸಿದ ನೀರನ್ನೇ ಕುಡಿಯುತ್ತಿದ್ದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳು ಬಂದಳು, ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಮಗು. ಮನೆಗೆ ಬಂದವಳಿಗೆ ಬೆಲ್ಲ, ನೀರು ಕೊಡದೆ ಇರಲು ಆಗುತ್ತದಾ? ಬೆಲ್ಲದ ಜೊತೆ ಕುದಿಸಿದ ನೀರು ತಂದೆ. ಅವಳು ನಕ್ಕಳು.

"ಬಿಸಿನೀರು ಬ್ಯಾಡ್ರಿ. ಊರೆಲ್ಲ ಹೊಗಳೂ ಬಾವಿ, ಒಮ್ಮೆನೂ ಕುಡದಿಲ್ಲ ನಾ."

ಬೇಡ ಎನ್ನುವ ಮೊದಲೇ ಮಗುವನ್ನು ಕೆಳಗೆ ಕೂರಿಸಿ, ಕೊಡಪಾನ ಇಳಿಸಿ ಸೇದಿದಳು. ನೀರು ತಣ್ಣಗೆ, ತಿಳಿಯಾಗಿ ಇತ್ತು. ಕಟ್ಟೆಯ ಮೇಲಿದ್ದ ಇನ್ನೊಂದು ಲೋಟಕ್ಕೆ ತುಂಬಿ ಮೊದಲು ಅಶ್ವಿನಿಯ ಬಾಯಿಗೆ ಹಿಡಿದಳು. ಆ ಮಗುವಿಗೆ ಈಗ ಎಂಟು ಹಲ್ಲು ಬಂದಿದೆ, ಅಕ್ಕಿಯ ಹಾಗೆ ಬೆಳ್ಳಗೆ. ಒಬ್ಬರೂ ಹೇಳಲಿಲ್ಲ ಎಂದು ಇವಳು ಅವತ್ತು ಹೇಳಿದ್ದು ನೆನಪಾಯಿತು. ಹೇಳದೆ ಇದ್ದವರಲ್ಲಿ ನಾನೂ ಒಬ್ಬಳಾಗಿ ನಿಂತಿದ್ದೆ.

ಲೋಟವನ್ನು ಕೈಯಿಂದ ಹೊಡೆದೆ. ಅದು ಅಂಗಳಕ್ಕೆ ಬಿತ್ತು, ಮಗು ಅತ್ತಿತು.

"ಕುಡಿಸಬೇಡ ಮಾರಾಯ್ತಿ! ಕಪ್ಪಾದದ್ದು ನನ್ನ ಬಾವಿ. ಚೀಟಿ ಬದಲಿಸಿದ್ದು ನಾನೇ."

ಅವಳು ನನ್ನನ್ನು ನೋಡಲಿಲ್ಲ, ಕುದಿಸಿದ ನೀರಿನ ಲೋಟವನ್ನು ನೋಡಿದಳು.

"ನೀವು ಕಾಸಿ ಕುಡೀತಿದ್ರಿ," ಎಂದಳು. ಅಷ್ಟೇ.

ಅಷ್ಟರಲ್ಲಿ ಉಳಿದ ಹೆಂಗಸರು ಕೊಡ ಹಿಡಿದು ಗೇಟಿಗೆ ಬಂದರು. ಈಗ ನನ್ನ ಮಾನ ಹೋಯಿತು ಎಂದು ಸೆರಗು ಬಾಯಿಗೆ ಒತ್ತಿಕೊಂಡೆ. ಅವಳು ಅವರ ಹತ್ತಿರ ಹೋಗಿ, "ಇಲ್ಲಿ ಬ್ಯಾಡ, ನಮ್ಮ ಬಾವಿನ ಚಲೋ ಐತಿ. ನನ್ನ ಪರೀಕ್ಷಾ ತಪ್ಪಿತ್ತು," ಎಂದಳು.

ನನ್ನನ್ನು ನಾಲ್ಕು ಜನರ ಮುಂದೆ ಬೈದಿದ್ದರೆ ಚೆನ್ನಾಗಿತ್ತು. ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅದಕ್ಕೂ ನನಗೆ ಹೊಟ್ಟೆ ಉರಿಯಿತು; ಸುಮ್ಮನಿರುವುದನ್ನು ಕೂಡ ಅವಳು ನನಗಿಂತ ಚೆನ್ನಾಗಿ ಮಾಡಿದಳು. ಹೋಗುವ ಮೊದಲು ಚೀಲದಿಂದ ಒಂದು ಖಾಲಿ ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟಳು. "ಗುಂಡಿ ದೂರ ಮಾಡಿಸ್ರಿ, ಬ್ಲೀಚಿಂಗ್ ಹಾಕಿಸ್ರಿ. ಆಮ್ಯಾಲ ತುಂಬಿಸ್ರಿ. ಹೆಸರು ನೀವ ಬರೀರಿ."

ಪರೀಕ್ಷೆ ತಪ್ಪಾದ ಸುದ್ದಿ ಪಂಚಾಯತಿಗೆ ಮುಟ್ಟಿತು. ಕಿಟ್ಟನ್ನು ಅವಳಿಂದ ತೆಗೆದು ನನ್ನ ಕೈಗೆ ಕೊಟ್ಟರು. ಒಂದು ವರ್ಷದಿಂದ ನಾನು ಬಯಸಿದ್ದು ಅದನ್ನೇ. ಈಗ ಮೂರು ವಾರವಾಯಿತು, ಅದರ ಮುಚ್ಚಳ ತೆರೆಯಲು ನನ್ನಿಂದ ಆಗಲಿಲ್ಲ.

ಅದಕ್ಕೇ ಇದನ್ನೆಲ್ಲ ಬರೆದದ್ದು. ನಾಳೆ ಬೆಳಿಗ್ಗೆ ಕಿಟ್ ಮತ್ತು ಈ ಕಾಗದ ಎರಡನ್ನೂ ಪಂಚಾಯತಿನ ಮೇಜಿನ ಮೇಲೆ ಇಡುತ್ತೇನೆ. ಕಿಟ್ಟಿನ ಮುಚ್ಚಳಕ್ಕೆ ಒಂದು ಹೊಸ ಚೀಟಿ ಅಂಟಿಸಿದ್ದೇನೆ. ದುಂಡಗಿನ ಅಕ್ಷರದಲ್ಲಿ 'ದ್ರಾಕ್ಷಾಯಿಣಿ' ಎಂದು ಬರೆದಿದ್ದೇನೆ.